ವಾಯುಪಡೆಯ ಮುಖ್ಯಸ್ಥ: ಯುದ್ಧಕ್ಕೆ ಮೊದಲೇ ಮಾಡುವ ಕೆಲಸ

1966ರಲ್ಲಿ ವಾಯುಪಡೆಯ ಉಪಮುಖ್ಯಸ್ಥರಾಗಿದ್ದ ಪ್ರತಾಪ್ ಚಂದ್ರ ಲಾಲ್, ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಆಡಳಿತ ನಿರ್ದೇಶಕರಾಗಿ ಬಂದರು. ಯುದ್ಧ ಕಂಡ ಸೇನಾನಿಗೆ ಕಾರ್ಖಾನೆಯ ಕುರ್ಚಿಯೇ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ 1969ರ ಜುಲೈನಲ್ಲಿ ಅವರು ಅಲ್ಲಿಂದಲೇ ವಾಯುಪಡೆಯ ಮುಖ್ಯಸ್ಥರಾಗಿ ದೆಹಲಿಗೆ ಮರಳಿದರು. ಈ ಹುದ್ದೆಯ ಸ್ವರೂಪವನ್ನು ಅರಿಯಲು ಇದು ಒಳ್ಳೆಯ ನಿದರ್ಶನ.

1954ರ ಏಪ್ರಿಲ್ 1ರಂದು ಸುಬ್ರೊತೊ ಮುಖರ್ಜಿಯವರು ವಾಯುಪಡೆಯ ಚುಕ್ಕಾಣಿ ಹಿಡಿದ ಮೊದಲ ಭಾರತೀಯರಾದಾಗ, ಹುದ್ದೆಯ ಹೆಸರು ‘ಕಮಾಂಡರ್-ಇನ್-ಚೀಫ್’, ಅಂದರೆ ಮಹಾದಂಡನಾಯಕ. ಕೊಡಗಿನ ಕಾರ್ಯಪ್ಪನವರು 1949ರಲ್ಲಿ ಭೂಸೇನೆಯಲ್ಲಿ ಪಡೆದದ್ದೂ ಇದೇ ಬಿರುದು. 1955ರಲ್ಲಿ ಕಾಯ್ದೆಯೊಂದು ಮೂರೂ ಪಡೆಗಳಲ್ಲಿ ಇದನ್ನು ‘ಚೀಫ್ ಆಫ್ ಸ್ಟಾಫ್’ ಎಂದು ಬದಲಿಸಿತು. ಇದು ಬರಿಯ ಹೆಸರಿನ ಮಾತಲ್ಲ. ಸಂವಿಧಾನದಂತೆ ಪಡೆಗಳ ಪರಮಾಧಿಕಾರ ರಾಷ್ಟ್ರಪತಿಗಳದು. ಯುದ್ಧ ಬೇಕೆ ಬೇಡವೆ ಎಂಬ ತೀರ್ಮಾನ ಚುನಾಯಿತ ಸರ್ಕಾರದ್ದು. ಮುಖ್ಯಸ್ಥರು ಸಲಹೆ ನೀಡಬೇಕು, ಪಡೆಯನ್ನು ಸಜ್ಜಾಗಿಡಬೇಕು. 2020ರಿಂದ ಮೂರೂ ಪಡೆಗಳಿಗೆ ಸಂಬಂಧಿಸಿದ ಸಲಹೆಗೆ ರಕ್ಷಣಾ ಪಡೆಗಳ ಮುಖ್ಯಸ್ಥರೆಂಬ ಬೇರೊಂದು ಹುದ್ದೆಯೂ ಇದೆ.

ಸಜ್ಜಾಗಿಡುವುದು ಸುಲಭದ ಕೆಲಸವಲ್ಲ. ವಾಯುಪಡೆಯ ಮುಖ್ಯಸ್ಥರ ಅವಧಿ 3 ವರ್ಷ, ಇಲ್ಲವೆ 62 ವಯಸ್ಸು ತುಂಬುವವರೆಗೆ. ಯಾವುದು ಮೊದಲೋ ಅದು. ಆದರೆ ಒಂದು ವಿಮಾನಕ್ಕೆ ತಲೆಮಾರೇ ಬೇಕು. 1983ರಲ್ಲಿ ಮಂಜೂರಾದ ಹಗುರ ಯುದ್ಧವಿಮಾನ ಯೋಜನೆಯ ‘ತೇಜಸ್’ 2001ರಲ್ಲಿ ಬೆಂಗಳೂರಿನಲ್ಲಿ ಮೊದಲು ಹಾರಿ, 2016ರಲ್ಲಷ್ಟೇ ವಾಯುಪಡೆಯ ದಳ ಸೇರಿತು. ಒಬ್ಬರು ಬಿತ್ತಿದ್ದನ್ನು ಕೊಯ್ಯುವವರು ಇನ್ನೊಬ್ಬರು.

ಇದರ ಬೆಲೆ ತಿಳಿಯುವುದು ಯುದ್ಧದಲ್ಲಿ. 1965ರ ಸೆಪ್ಟೆಂಬರ್ 6ರಂದು ಪಾಕಿಸ್ತಾನದ ದಾಳಿಗೆ ಪಠಾಣ್‌ಕೋಟ್ ನೆಲೆಯಲ್ಲಿ ನಿಂತಿದ್ದ ಹಲವು ವಿಮಾನಗಳು ನೆಲದಲ್ಲೇ ಸುಟ್ಟುಹೋದವು. ಆ ಪೆಟ್ಟಿನಿಂದ ಪಾಠ ಕಲಿತು, ಮುಂದಿನ ವರ್ಷಗಳಲ್ಲಿ ಗಡಿ ಸಮೀಪದ ನೆಲೆಗಳಲ್ಲಿ ವಿಮಾನಗಳಿಗೆ ಗಟ್ಟಿ ಗೂಡುಗಳನ್ನು ಕಟ್ಟಲಾಯಿತು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಮತ್ತೆ ಹಠಾತ್ತನೆ ಎರಗಿದಾಗ ನೆಲದ ಮೇಲಿನ ವಿಮಾನಗಳಿಗಾದ ಹಾನಿ ಅತ್ಯಲ್ಪ. ಆಗ ಮುಖ್ಯಸ್ಥರಾಗಿದ್ದವರು ಲಾಲ್. ಬೆಂಗಳೂರಿನಲ್ಲಿ ತಯಾರಾದ ನ್ಯಾಟ್ ಮತ್ತು ಮಾರುತ್ ವಿಮಾನಗಳು ಆ ಯುದ್ಧದಲ್ಲಿ ಕಾದಾಡಿದವು. ಡಿಸೆಂಬರ್ 16ರಂದು ಢಾಕಾದಲ್ಲಿ ಪಾಕ್ ಸೇನೆ ಶರಣಾಯಿತು.

ಗೆದ್ದ ಹಾರಾಟಕ್ಕೆ ಪದಕ ಉಂಟು. ಹೊತ್ತಿಗೆ ಮೊದಲೇ ಕಟ್ಟಿಸಿದ ಗೋಡೆಗೆ ಪದಕವಿಲ್ಲ. ಮುಖ್ಯಸ್ಥರ ಕೆಲಸ ಹೆಚ್ಚಾಗಿ ಈ ಎರಡನೆಯ ಬಗೆಯದು.