‘ಸೂಪರ್‌ಸೀಡ್’: ಅರ್ಥ ಮತ್ತು ಪ್ರಯೋಗ

‘ಸೂಪರ್‌ಸೀಡ್’ ಎಂಬ ಇಂಗ್ಲಿಷ್ ಕ್ರಿಯಾಪದಕ್ಕೆ ‘ಬದಲಿಸು’ ಎಂಬ ಪರ್ಯಾಯ ಸಾಲದು. ಲ್ಯಾಟಿನ್ ಮೂಲದಲ್ಲಿ ಇದರ ಅರ್ಥ ‘ಮೇಲೆ ಕುಳಿತುಕೊಳ್ಳು’. ಹೊಸತು ಹಳೆಯದರ ಅಧಿಕಾರವನ್ನು ವಹಿಸಿಕೊಳ್ಳುತ್ತದೆ, ಹಳೆಯದು ಅಳಿಯಲೇಬೇಕೆಂದಿಲ್ಲ. ಗುಂಡ್ಲುಪೇಟೆ ತಾಲ್ಲೂಕಿನ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಕಾಡು ಇದಕ್ಕೆ ನಿದರ್ಶನ. ಮೈಸೂರು ಅರಸರ ಕಾಲದ ‘ವೇಣುಗೋಪಾಲ ವನ್ಯಜೀವಿ ಉದ್ಯಾನ’ವು ವಿಸ್ತಾರಗೊಂಡು 1973ರಲ್ಲಿ ಹುಲಿ ಯೋಜನೆಗೆ ಸೇರಿತು, ಅಧಿಕೃತವಾಗಿ ನಿಂತ ಹೆಸರು ಬಂಡೀಪುರ. ಕಡತದಲ್ಲಿ ಹಿಂದೆ ಸರಿದ ದೇವರ ಹೆಸರು ಬೆಟ್ಟದ ಮೇಲೆ ಉಳಿದೇ ಇದೆ.

ವ್ಯಾಕರಣದ ‘ಆದೇಶ’ವೂ ಇಲ್ಲಿ ಒಗ್ಗದು: ‘ಬೆಟ್ಟದಾವರೆ’ಯಲ್ಲಿ ದಕಾರ ಬಂದೊಡನೆ ತಕಾರಕ್ಕೆ ಎಡೆಯಿಲ್ಲ. ಆಡಳಿತ ಕನ್ನಡದ ‘ರದ್ದುಪಡಿಸು’ ಅರ್ಧವನ್ನಷ್ಟೇ ಹೇಳುತ್ತದೆ. ಹೋದುದನ್ನು ಸೂಚಿಸಿ ಬಂದುದನ್ನು ಬಿಡುತ್ತದೆ. ‘ಹಿಂದಿನ ಆದೇಶದ ಸ್ಥಾನಕ್ಕೆ ಈ ಆದೇಶ ಬಂದಿದೆ’ ಎಂಬ ವಾಕ್ಯ ದೀರ್ಘವಾದರೂ ಎರಡನ್ನೂ ಹಿಡಿಯುತ್ತದೆ.