ಕೆಟಮೀನ್ ಎಂಬ ಔಷಧ: ಧಾರವಾಡದ ದಾರಿಯಿಂದ ತಿಕೋಟಾದ ಪ್ರಶ್ನೆಯವರೆಗೆ

ವಿಜಯಪುರ ಜಿಲ್ಲೆಯ ಬರಗಾಲಗಳನ್ನು ಕುರಿತು ಮೌಖಿಕ ಸಾಮಗ್ರಿಯನ್ನು ಸಂಗ್ರಹಿಸುತ್ತ ಬಬಲೇಶ್ವರಕ್ಕೆ ಹೋಗಿದ್ದಾಗ, ವಯೋವೃದ್ಧರೊಬ್ಬರು ತಮ್ಮ ಅಣ್ಣನ ಮಾತು ಬಂದಲ್ಲಿ, ‘ಅವನ್ನ ಧಾರವಾಡಕ್ಕ ಹಾಕಿ ಬಂದ್ರು’ ಎಂದು ನುಡಿದು ಸುಮ್ಮನಾದರು. ಯಾವ ರೋಗ, ಎಷ್ಟು ಕಾಲ, ಮರಳಿ ಬಂದನೋ ಇಲ್ಲವೋ, ಒಂದನ್ನೂ ಹೇಳಲಿಲ್ಲ. ನಮ್ಮ ಸೀಮೆಯಲ್ಲಿ ಮನೋರೋಗಕ್ಕೆ ಬೇರೆ ಹೆಸರು ಬೇಕಿರಲಿಲ್ಲ. ಊರಿನ ಹೆಸರೇ ರೋಗದ ಹೆಸರಾಗಿತ್ತು.

ಇದಾದ ಕೆಲವು ತಿಂಗಳ ಮೇಲೆ ತಿಕೋಟಾದ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರು ನನ್ನನ್ನು ಕಾಣಲು ಬಂದರು. ಅವರ ಮಗ ಒಂದು ವರ್ಷದಿಂದ ತೋಟಕ್ಕೆ ಇಳಿದಿಲ್ಲ, ಊಟ ನಿದ್ರೆಗಳು ತಪ್ಪಿವೆ, ಬದುಕುವುದೇತಕ್ಕೆಂದು ಕೇಳುತ್ತಾನೆ. ಖಿನ್ನತೆಯನ್ನು ಒಂದೇ ದಿನದಲ್ಲಿ ಕಳೆಯುವ ‘ಕೆಟಮೀನ್’ ಎಂಬ ಸೂಜಿಮದ್ದು ಬಂದಿದೆಯೆಂದು ಯಾರೋ ಹೇಳಿದ್ದರಂತೆ. ಒಂದೆಕರೆ ಮಾರಿಯಾದರೂ ಬೆಂಗಳೂರಿಗೆ ಕರೆದೊಯ್ಯಬೇಕೇ ಎಂಬುದು ಅವರ ಪ್ರಶ್ನೆ. ಕಾಲೇಜಿನಲ್ಲಿ ಪಾಠ ಹೇಳುವವರಿಗೆ ಎಲ್ಲವೂ ತಿಳಿದಿರುತ್ತದೆಂಬ ಹಳ್ಳಿಯ ನಂಬಿಕೆ ನಮ್ಮನ್ನು ಒಮ್ಮೊಮ್ಮೆ ಇಂಥ ಇಕ್ಕಟ್ಟಿಗೆ ತರುತ್ತದೆ. ವೈದ್ಯನಲ್ಲದ ನಾನು ಉತ್ತರ ಹೇಳುವ ಮೊದಲು ಓದಬೇಕಾಯಿತು, ವೈದ್ಯ ಮಿತ್ರರನ್ನು ಕೇಳಬೇಕಾಯಿತು. ಪ್ರಸ್ತುತ ಲೇಖನ ಆ ಓದಿನ ಫಲ. ಇತಿಹಾಸ ವಿಭಾಗದ ಸಂಚಿಕೆಯಲ್ಲಿ ಔಷಧದ ವಿಚಾರವೇಕೆಂದು ಕೆಲವರಿಗೆ ಅನಿಸಬಹುದು. ಎರಡನೆಯ ಇಬ್ರಾಹಿಮ್ ಆದಿಲಶಾಹನ ಆಶ್ರಯದಲ್ಲಿದ್ದ ಫೆರಿಸ್ತಾ ಇದೇ ಊರಿನ ಚರಿತ್ರಕಾರ. ಅವನು ಭಾರತೀಯ ವೈದ್ಯವನ್ನು ಕುರಿತು ಪಾರಸಿಯಲ್ಲಿ ಒಂದು ಗ್ರಂಥವನ್ನೂ ರಚಿಸಿದನೆಂಬುದು ವಿದಿತವೇ ಇದೆ.

ಮೊದಲು ಧಾರವಾಡದ ದಾರಿಯನ್ನು ನೋಡೋಣ. ಅಲ್ಲಿಯ ಹುಚ್ಚರ ಆಸ್ಪತ್ರೆ 1845ರಲ್ಲಿ ಸ್ಥಾಪಿತವಾಯಿತೆಂದು ಹೇಳುತ್ತಾರೆ. 1858ರ ಕಾಯಿದೆಯಂತೆ, ಬೀದಿಯಲ್ಲಿ ಅಲೆಯುವ ಚಿತ್ತವಿಕಲರನ್ನು ಪೋಲೀಸರು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸುತ್ತಿದ್ದರು. ವೈದ್ಯಾಧಿಕಾರಿಯ ಪ್ರಮಾಣಪತ್ರ ದೊರೆತರೆ ಆಸ್ಪತ್ರೆಗೆ ಕಳುಹಿಸುವ ಆಜ್ಞೆಯಾಗುತ್ತಿತ್ತು. ರೋಗಿಯು ವೈದ್ಯನಿಗಿಂತ ಮೊದಲು ನ್ಯಾಯಾಧಿಕಾರಿಯನ್ನು ಕಾಣಬೇಕಾಗಿತ್ತು ಎಂಬುದನ್ನು ಗಮನಿಸಬೇಕು. ಸುಮಾರು ಇನ್ನೂರು ಕಿಲೋಮೀಟರುಗಳ ಆ ಪ್ರಯಾಣ ಚಿಕಿತ್ಸೆಯ ಪ್ರಯಾಣವಾಗಿರದೆ ಬಂಧನದ ಪ್ರಯಾಣದಂತೆ ಜನರ ನೆನಪಿನಲ್ಲಿ ಉಳಿದಿದ್ದರೆ ಅದು ಸಹಜ. ಬದುಕಿನ ಆಸೆಯನ್ನೇ ಕಳೆದುಕೊಂಡು ಮನೆಯ ಮೂಲೆಯಲ್ಲಿ ಮೌನವಾಗಿ ಕುಳಿತವನು ಯಾರಿಗೂ ಉಪದ್ರವ ಕೊಡುವವನಲ್ಲವಾದ್ದರಿಂದ, ಅವನು ಕಾಯಿದೆಯ ಕಣ್ಣಿಗಾಗಲಿ ಊರಿನ ಕಣ್ಣಿಗಾಗಲಿ ಬೀಳಲಿಲ್ಲ. ಖಿನ್ನತೆಗೆ ನಮ್ಮಲ್ಲಿ ಇತಿಹಾಸವೇ ಇಲ್ಲದಂತಾದುದಕ್ಕೆ ಇದೂ ಒಂದು ಕಾರಣವೆಂದು ನನ್ನ ಅಭಿಪ್ರಾಯ.

ಇನ್ನು ಕೆಟಮೀನಿನ ವಿಚಾರ. ಇದು ಹುಟ್ಟಿದ್ದು ಮನಸ್ಸಿಗಾಗಿ ಅಲ್ಲ, ಶಸ್ತ್ರಕ್ರಿಯೆಗಾಗಿ. 1962ರಲ್ಲಿ ಅಮೆರಿಕೆಯ ಪಾರ್ಕ್-ಡೇವಿಸ್ ಕಂಪನಿಗಾಗಿ ಕ್ಯಾಲ್ವಿನ್ ಸ್ಟೀವನ್ಸ್ ಎಂಬ ರಸಾಯನಶಾಸ್ತ್ರಜ್ಞನು ಇದನ್ನು ಸಿದ್ಧಪಡಿಸಿದನು. 1964ರಲ್ಲಿ ಎಡ್ವರ್ಡ್ ಡೊಮಿನೋ ಮತ್ತು ಗುಂಟರ್ ಕಾರ್ಸೆನ್ ಇದನ್ನು ಮನುಷ್ಯರ ಮೇಲೆ ಮೊದಲು ಪ್ರಯೋಗಿಸಿದುದು ಮಿಶಿಗನ್ ಪ್ರಾಂತದ ಸೆರೆಮನೆಯ ಕೈದಿಗಳಲ್ಲಿ. ಕೈದಿಗಳು ಒಪ್ಪಿಯೇ ಬಂದವರೆಂದು ದಾಖಲೆ. ಸೆರೆಯಲ್ಲಿರುವವನ ಒಪ್ಪಿಗೆಯ ಬೆಲೆಯೆಷ್ಟೆಂಬುದು ಬೇರೆ ಮಾತು. ಔಷಧ ಪಡೆದವರು ಕಣ್ಣು ತೆರೆದಿದ್ದರೂ ಲೋಕದಿಂದ ಕಡಿದುಕೊಂಡವರಂತೆ ತೋರಿದರು. ಅದನ್ನು ಕೇಳಿದ ಡೊಮಿನೋನ ಪತ್ನಿ ಸೂಚಿಸಿದ ‘ವಿಚ್ಛಿನ್ನ’ ಎಂಬರ್ಥದ ಪದವೇ ಈ ಬಗೆಯ ಅರಿವಳಿಕೆಗೆ ಶಾಸ್ತ್ರೀಯ ನಾಮವಾಯಿತು. 1970ರಲ್ಲಿ ಅಮೆರಿಕೆಯ ಸರಕಾರದ ಅನುಮತಿ ದೊರೆತು ವಿಯೆಟ್ನಾಮಿನ ಯುದ್ಧಭೂಮಿಯಲ್ಲಿ ಇದು ಬಳಕೆಯಾಯಿತು. ಸಾಮಾನ್ಯವಾಗಿ ಉಸಿರಾಟವನ್ನೂ ರಕ್ತದೊತ್ತಡವನ್ನೂ ಕುಗ್ಗಿಸದೆ ನೋವನ್ನು ಮರೆಸುವುದು ಇದರ ಹಿರಿಯ ಗುಣ. ದೊಡ್ಡ ಯಂತ್ರಗಳಿಲ್ಲದ ಸಣ್ಣ ಆಸ್ಪತ್ರೆಗಳಿಗೆ ಇದು ವರವಾದುದು ಈ ಗುಣದಿಂದಲೇ. 1985ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಾವಶ್ಯಕ ಔಷಧಗಳ ಪಟ್ಟಿಯಲ್ಲಿ ಇದು ಸೇರಿದೆ. ತಿಕೋಟಾದ ರೈತರು ದೂರದ ಅದ್ಭುತವೆಂದು ತಿಳಿದ ಈ ಮದ್ದು ದಶಕಗಳಿಂದಲೂ ನಮ್ಮ ನಾಡಿನ ಶಸ್ತ್ರಕ್ರಿಯಾ ಕೋಣೆಗಳಲ್ಲಿ ಪರಿಚಿತವಾದುದೇ ಆಗಿದೆ.

ಒಂದು ರೋಗಕ್ಕೆ ಹುಡುಕಿದ ಮದ್ದು ಮತ್ತೊಂದಕ್ಕೆ ಒದಗುವುದು ಮನೋವೈದ್ಯದ ಚರಿತ್ರೆಯಲ್ಲಿ ಹೊಸದಲ್ಲ. 1950ರ ದಶಕದಲ್ಲಿ ಕ್ಷಯರೋಗಕ್ಕೆಂದು ಕೊಟ್ಟ ಇಪ್ರೋನಿಯಾಜಿಡ್ ರೋಗಿಗಳ ಮನಸ್ಸನ್ನೂ ಹಗುರಗೊಳಿಸಿತು. ಖಿನ್ನತೆಯ ಮೊದಲ ಔಷಧಗಳಲ್ಲಿ ಅದೂ ಒಂದು. ಆ ಕಾಲದಿಂದ ಬಂದ ಮಾತ್ರೆಗಳು ಬಹುಮಟ್ಟಿಗೆ ಸೆರೊಟೋನಿನ್ ಮೊದಲಾದ ದ್ರವ್ಯಗಳ ಮೂಲಕ ಕೆಲಸಮಾಡುತ್ತವೆ. ಗುಣ ಕಾಣಲು ಹಲವು ವಾರಗಳು ಬೇಕು. ಕೆಟಮೀನ್ ಬೇರೆ ಬಾಗಿಲಿನಿಂದ ಪ್ರವೇಶಿಸುತ್ತದೆ. ಮಿದುಳಿನಲ್ಲಿ ಗ್ಲುಟಮೇಟ್ ಎಂಬ ದ್ರವ್ಯವನ್ನು ಸ್ವೀಕರಿಸುವ ಎನ್‌ಎಂಡಿಎ ಎಂಬ ದ್ವಾರವನ್ನು ಅದು ಮುಚ್ಚುತ್ತದೆ. ಅದರ ಪರಿಣಾಮವಾಗಿ ನರಕೋಶಗಳ ನಡುವಣ ಸಂಬಂಧಗಳು ಮತ್ತೆ ಚಿಗುರುತ್ತವೆಂದು ಬಹುಮಂದಿ ಸಂಶೋಧಕರ ಊಹೆ. ಯೇಲ್ ವಿಶ್ವವಿದ್ಯಾಲಯದವರು 2000ದಲ್ಲಿ ಪ್ರಕಟಿಸಿದ ಪ್ರಯೋಗವನ್ನು ಪೂರ್ಣಗೊಳಿಸಿದವರು ಕೇವಲ 7 ಮಂದಿ. 2006ರಲ್ಲಿ ಅಮೆರಿಕೆಯ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಕಾರ್ಲೋಸ್ ಜರಾಟೆ ಮತ್ತು ಸಂಗಡಿಗರು, ಬೇರೆ ಔಷಧಗಳಿಗೆ ಬಗ್ಗದ ಖಿನ್ನತೆಯುಳ್ಳವರಿಗೆ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ಅರ್ಧ ಮಿಲಿಗ್ರಾಮಿನಂತೆ, ಎಂದರೆ ಅರಿವಳಿಕೆಗೆ ಬೇಕಾದುದಕ್ಕಿಂತ ಬಹಳ ಕಡಮೆಯಾಗಿ, 40 ನಿಮಿಷಗಳಲ್ಲಿ ರಕ್ತನಾಳದ ಮೂಲಕ ಕೊಟ್ಟರು. ಒಂದು ದಿನದಲ್ಲಿ ನೂರಕ್ಕೆ 71 ಮಂದಿಯಲ್ಲಿ ಗುಣ ಕಂಡಿತು.

ಸುದ್ದಿಯಾದುದು ಈ 71. ಅದೇ ವರದಿಯಲ್ಲಿ ಮತ್ತೊಂದು ಅಂಕವುಂಟು: ಒಂದು ವಾರದವರೆಗೆ ಆ ಗುಣವನ್ನು ಉಳಿಸಿಕೊಂಡವರು ನೂರಕ್ಕೆ 35 ಮಾತ್ರ. ರೈತರಿಗೆ ಯಾರೂ ಹೇಳದಿದ್ದುದು ಈ ಎರಡನೆಯ ಅಂಕವನ್ನು. ‘ಒಂದೇ ಸೂಜಿ’ ಎಂಬ ಮಾತು ಇಲ್ಲಿಗೆ ಸುಳ್ಳಾಗುತ್ತದೆ. 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗವೊಂದರಲ್ಲಿ ಮೂರು ವಾರಗಳವರೆಗೆ ವಾರಕ್ಕೆರಡು ಸಲ ಕೆಟಮೀನ್ ಕೊಟ್ಟು ವಿದ್ಯುತ್ ಚಿಕಿತ್ಸೆಯೊಡನೆ ಹೋಲಿಸಿದರು. ಗುಣಕಂಡವರು ಕೆಟಮೀನಿನಲ್ಲಿ ನೂರಕ್ಕೆ 55, ವಿದ್ಯುತ್ ಚಿಕಿತ್ಸೆಯಲ್ಲಿ 41. ಭ್ರಮೆಗಳೂ ಕೂಡಿದ ಖಿನ್ನತೆಯವರನ್ನು ಅದರಲ್ಲಿ ಸೇರಿಸಿರಲಿಲ್ಲ. ಅದೇ ವರ್ಷ ಸ್ಟ್ಯಾನ್‌ಫರ್ಡಿನವರು ಮಾಡಿದ ಪರೀಕ್ಷೆ ಇನ್ನೂ ಕುತೂಹಲಕರ. ಖಿನ್ನತೆಯಿದ್ದು ಬೇರೆ ಶಸ್ತ್ರಕ್ರಿಯೆಗೆ ಬಂದ 40 ಮಂದಿಗೆ, ಪೂರ್ಣ ಅರಿವು ತಪ್ಪಿರುವಾಗ, ಕೆಲವರಿಗೆ ಕೆಟಮೀನನ್ನೂ ಉಳಿದವರಿಗೆ ಬರಿಯ ಉಪ್ಪುನೀರನ್ನೂ ಕೊಟ್ಟರು. ಎರಡು ಗುಂಪಿನವರಿಗೂ ಮನಸ್ಸು ಸಮಸಮವಾಗಿ ಹಗುರವಾಯಿತು! ಔಷಧ ನಿಷ್ಫಲವೆಂದು ಇದರಿಂದ ತೀರ್ಮಾನಿಸುವುದು ಆತುರವಾದೀತು. ಗುಣದಲ್ಲಿ ನಿರೀಕ್ಷೆಯ ಪಾಲೆಷ್ಟೆಂಬ ಪ್ರಶ್ನೆ ಮಾತ್ರ ಇನ್ನೂ ತೆರೆದೇ ಇದೆ.

ಅಪಾಯಗಳೂ ಇವೆ. ಔಷಧ ಕೊಡುವಾಗ ರಕ್ತದೊತ್ತಡ ಏರುತ್ತದೆ, ಚಿತ್ತ ವಿಚಲಿತವಾಗುತ್ತದೆ. ಆದ್ದರಿಂದ ವೈದ್ಯರ ಕಣ್ಗಾವಲು ಬೇಕೇಬೇಕು. 2019ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆದ ಎಸ್‌ಕೆಟಮೀನ್ ಎಂಬ ಮೂಗಿನ ಸಿಂಪರಣೆಗೆ ಕೂಡ ಎರಡು ಗಂಟೆಗಳ ನಿಗಾ ಕಡ್ಡಾಯ. ಚಟವಾಗಿ ಸೇವಿಸುವವರಿಗೆ ಮೂತ್ರಕೋಶವೇ ಕೆಡುತ್ತದೆ. ಭಾರತವು 2011ರಲ್ಲಿ ಇದನ್ನು ಮಾದಕದ್ರವ್ಯಗಳ ಕಾಯಿದೆಯ ಕೆಳಗೂ 2013ರಲ್ಲಿ ಔಷಧ ನಿಯಮಗಳ ‘ಎಕ್ಸ್’ ಅನುಸೂಚಿಗೂ ತಂದುದು ದುರುಪಯೋಗದ ಭಯದಿಂದ. ಆಘಾತದ ನಂತರದ ಮನೋವೇದನೆ, ಗೀಳುರೋಗ ಮೊದಲಾದವುಗಳಲ್ಲಿಯೂ ಇದನ್ನು ಪರೀಕ್ಷಿಸುತ್ತಿದ್ದಾರೆ. ಅಲ್ಲಿ ಸಾಕ್ಷ್ಯ ಇನ್ನೂ ತೆಳುವಾಗಿದೆ.

ಮುಖ್ಯವಾದುದೊಂದನ್ನು ಕಡೆಗೆ ಉಳಿಸಿದ್ದೇನೆ. ಕೆಟಮೀನಿಗೆ ಯೋಗ್ಯರೆಂದು ಸಾಮಾನ್ಯವಾಗಿ ಎಣಿಸುವುದು, ಕಡಮೆಯೆಂದರೆ ಎರಡು ಔಷಧಗಳನ್ನು ತಕ್ಕ ಪ್ರಮಾಣದಲ್ಲಿ ತಕ್ಕಷ್ಟು ಕಾಲ ಸೇವಿಸಿಯೂ ಗುಣಕಾಣದವರನ್ನು. ಆ ತರುಣನು ಯಾವ ಔಷಧ ಸೇವಿಸಿದ್ದಾನೆಂದು ತಂದೆಯನ್ನು ಕೇಳಿದೆ. ಒಂದೇ ಮಾತ್ರೆ, ಅದೂ ಹತ್ತು ದಿನ. ‘ಗುಣ ಬರಲಿಲ್ಲ’ವೆಂದು ಬಿಟ್ಟಿದ್ದನಂತೆ. ವಾರಗಟ್ಟಲೆ ಕಾಯಬೇಕೆಂದು ಅವನಿಗೆ ತಿಳಿಸಿದವರಿರಲಿಲ್ಲ.

1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ಮನೋರೋಗ ಚಿಕಿತ್ಸೆಯನ್ನು ಕಲಿಸಿದುದು ಈ ತಿಳಿಸುವ ಕೆಲಸಕ್ಕಾಗಿಯೇ. 1996ರಲ್ಲಿ ಮೊದಲಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ. 2022ರಿಂದ 14416 ಎಂಬ ದೂರವಾಣಿ ಸಂಖ್ಯೆಯಲ್ಲಿ ಹಗಲಿರುಳೂ ಕನ್ನಡದಲ್ಲಿ ಸಲಹೆ ದೊರೆಯುತ್ತದೆ. ವಿಜಯಪುರ ನಗರದಲ್ಲಿಯೇ ಎರಡು ವೈದ್ಯಕೀಯ ಮಹಾವಿದ್ಯಾಲಯಗಳಿವೆ. ತಿಕೋಟಾದಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯದು. ಜೀವದಾಸೆ ತೊರೆದ ಮಾತನ್ನು ಆಡುವವನನ್ನು ಒಂಟಿಯಾಗಿ ಬಿಡಬಾರದು, ನಾಳೆಯೇ ಹೊರಡಿ ಎಂದೆ. ಹೊಲದ ಮಾತನ್ನು ಅವರಾಗಿಯೇ ಬಿಟ್ಟರು.

ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಹೊಸ ಮಾತ್ರೆಯ ಆರನೆಯ ವಾರ ನಡೆದಿದೆ. ಕಳೆದ ಭಾನುವಾರ ತರುಣನು ತಂದೆಯ ಜೊತೆ ಪಡಸಾಲೆಗೆ ಬಂದು ಕುಳಿತಿದ್ದನೆಂದೂ, ಒಣದ್ರಾಕ್ಷಿಯ ಧಾರಣೆ ಕೇಳಿದನೆಂದೂ ಅವರು ತಿಳಿಸಿದ್ದಾರೆ.