ಹಳೆಯ ಕೋವಿಗೆ ತಕ್ಕ ಮದ್ದು

ಕನ್ನಡದಲ್ಲಿ ‘ಮದ್ದು’ ಎಂಬ ಮಾತಿಗೆ ಎರಡು ಅರ್ಥಗಳುಂಟು. ರೋಗಿಗೆ ಕೊಡುವುದೂ ಮದ್ದೆ. ಕೋವಿಗೆ ತುಂಬುವುದೂ ಮದ್ದೆ. ಎರಡಕ್ಕೂ ಇರುವ ಸಾಮ್ಯ ಸ್ಪಷ್ಟವಾಗಿದೆ: ಅಳತೆ ತಪ್ಪಿದರೆ ಎರಡೂ ಕೊಲ್ಲುತ್ತವೆ, ಒಂದಕ್ಕೆ ಹಿಡಿಸಿದ್ದು ಇನ್ನೊಂದಕ್ಕೂ ಹಿಡಿಸೀತೆಂಬ ಭರವಸೆ ಎರಡರಲ್ಲಿಯೂ ಇಲ್ಲ. ಈ ಮಾತಿನ ನಿಜವನ್ನು ನಾನು ಎರಡು ಸಲ ಕಂಡಿದ್ದೇನೆ. ಮೊದಲನೆಯ ಸಲ, 1958ರಲ್ಲಿ, ಮಲೆನಾಡಿನ ನಮ್ಮ ಮನೆಯ ಅಂಗಳದಲ್ಲಿ, ಒಂಬತ್ತು ವರ್ಷದ ಹುಡುಗನಾಗಿದ್ದಾಗ. ಎರಡನೆಯ ಸಲ, 2016ರ ಶರತ್ಕಾಲದಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಒಂದು ಹೊಲಮನೆಯಲ್ಲಿ.

ಆ ವರ್ಷ ನಾನು ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದೆ. ನೆರೆಯ ಹೊಲದ ಮುದುಕ ಅದರ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅವನ ಹೆಂಡತಿಯೂ ಇಪ್ಪತ್ತು ವರ್ಷದ ಮೊಮ್ಮಗನೂ ಮನೆಯಲ್ಲಿ ಉಳಿದಿದ್ದರು. ಒಂದು ಸಂಜೆ ಕಾಫಿ ಕುಡಿಯುತ್ತ, ನಮ್ಮ ಊರಿನಲ್ಲಿ ನಳಿಗೆಯ ಬಾಯಿಂದ ಮದ್ದು ತುಂಬುವ ‘ಕೇಪಿನ ಕೋವಿ’ಗಳಿದ್ದುವೆಂದೂ ನನ್ನ ಅಜ್ಜ ಅದರಲ್ಲಿ ನಿಪುಣನಾಗಿದ್ದನೆಂದೂ ನಾನು ಹೇಳಿದ್ದೆ. ಆಡಿದ ಮಾತು ವ್ಯರ್ಥವಾಗಲಿಲ್ಲ. ಮರುದಿನವೇ ಹುಡುಗ ತಾತನ ಕೋವಿಯನ್ನು ಹೊತ್ತು ಬಂದ. “ಇದೂ ಬಾಯಿಂದಲೇ ತುಂಬುವ ಕೋವಿ. ತಾತ ಹೇಗೆ ತುಂಬುತ್ತಿದ್ದನೆಂದು ನನಗೆ ಗೊತ್ತಿಲ್ಲ. ಕೇಳಬೇಕೆಂದಿದ್ದೆ, ಕೇಳಲಿಲ್ಲ,” ಎಂದ.

ನೋಡಿದರೆ, ಅದು ನಾನು ಬಲ್ಲ ಕೋವಿಯಂತಿರಲಿಲ್ಲ. ನಮ್ಮ ಕೇಪಿನ ಕೋವಿಯಲ್ಲಿ ಕುದುರೆ ಪಕ್ಕದಲ್ಲಿರುತ್ತದೆ; ಕೇಪಿನ ಕಿಡಿ ಪಕ್ಕದಿಂದ ಹೊಕ್ಕು, ಒಂದು ತಿರುವನ್ನು ಬಳಸಿ ಮದ್ದನ್ನು ಮುಟ್ಟಬೇಕು. ಮಳೆಗಾಲದ ತೇವದಲ್ಲಿ ಆ ತಿರುವಿನಲ್ಲಿಯೇ ಕಿಡಿ ಸಾಯುವುದುಂಟು. ಈ ಕೋವಿಯಲ್ಲಾದರೋ ಕೇಪು ಕೂರುವ ಮೊಲೆ ಮದ್ದಿನ ನೇರ ಬೆನ್ನಿಗೇ ಇದೆ. ಕಿಡಿ ಬಾಣದಂತೆ ಸೀದಾ ನುಗ್ಗುತ್ತದೆ. ಇದನ್ನು ಅವರು ‘ಇನ್‌ಲೈನ್’ ಎನ್ನುತ್ತಾರೆ. ಟೋನಿ ನೈಟ್ ಎಂಬ ಮಿಸೌರಿಯ ಕೋವಿಗಾರ 1985ರಲ್ಲಿ ಹೊರತಂದ ‘ಎಂಕೆ-85’ ಎಂಬ ರೈಫಲ್ಲಿನಿಂದ ಈ ಬಗೆ ಅಮೆರಿಕದಲ್ಲಿ ಮನೆಮಾತಾಯಿತು. ಅಲ್ಲಿನ ಹಲವು ರಾಜ್ಯಗಳಲ್ಲಿ ಬಾಯಿಂದ ತುಂಬುವ ಕೋವಿಯವರಿಗೆಂದೇ ಜಿಂಕೆ ಬೇಟೆಯ ಪ್ರತ್ಯೇಕ ದಿನಗಳಿವೆ. ಒಂದೇ ಈಡಿನ ಕೋವಿ ಹಿಡಿದವನಿಗೆ ಕಾನೂನು ತೋರುವ ಔದಾರ್ಯ ಅದು. ಹುಡುಗನ ಕೈಯಲ್ಲಿದ್ದುದು ಆ ಪೀಳಿಗೆಯ ಮೊದಮೊದಲಿನ ಕೋವಿಗಳಲ್ಲಿ ಒಂದು. ನಳಿಗೆಯ ವ್ಯಾಸ ಅರ್ಧ ಅಂಗುಲ. ಬೆಂಕಿಗೆ 11ನೆಯ ನಂಬರಿನ ಸಣ್ಣ ತಾಮ್ರದ ಕೇಪು.

ಅವನು ಮೇಜಿನ ಮೇಲೆ ಸಾಮಾನನ್ನು ಹರಡಿದ. ಅಂಗಡಿಯಿಂದ ತಂದ ಮದ್ದಿನ ಬಿಲ್ಲೆಗಳು, ಪ್ಲಾಸ್ಟಿಕ್ ಕವಚದ ಗುಂಡುಗಳು. ತಾತನ ಬೀರುವಿನಿಂದ ತೆಗೆದ ಕೇಪಿನ ಡಬ್ಬಿ, ಅರ್ಧ ಖಾಲಿಯಾದ ಸೀಸದ ಗುಂಡಿನ ಪೆಟ್ಟಿಗೆ, ಮತ್ತು ಒಂದು ತಗಡಿನ ಡಬ್ಬಿ. ಆ ಡಬ್ಬಿಯ ಮೇಲಿನ ಚೀಟಿ ಯಾವಾಗಲೋ ಕಳಚಿ ಬಿದ್ದಿತ್ತು. ಮುಚ್ಚಳ ತೆಗೆದರೆ ಒಳಗೆ ಕರಿಯ ಹರಳು. “ತಾತನ ಮದ್ದು! ಇದಕ್ಕಿಂತ ಒಳ್ಳೆಯದು ಬೇರೆ ಯಾವುದಿದ್ದೀತು?” ಎಂದು ಹುಡುಗ ಹಿಗ್ಗಿದ.

ನನ್ನ ಎದೆ ಧಸಕ್ಕೆಂದಿತು. ಕಣ್ಣ ಮುಂದೆ ನನ್ನ ಸೋದರಮಾವನ ಎಡಗೈ ಬಂದು ನಿಂತಿತು.

1958ರ ಸುಗ್ಗಿಗೆ ಮುಂಚೆ, ಕಾಡುಹಂದಿ ಗದ್ದೆಗೆ ನುಗ್ಗುತ್ತಿದ್ದ ಕಾಲ. ವನ್ಯಜೀವಿ ಸಂರಕ್ಷಣೆಯ ಕಾಯ್ದೆ ಬರುವುದಕ್ಕೆ ಇನ್ನೂ ಹದಿನಾಲ್ಕು ವರ್ಷ ಇತ್ತು. ಅಜ್ಜನ ಕೊಂಬಿನಲ್ಲಿ ಮದ್ದು ಮುಗಿದಿತ್ತು. ಪೇಟೆಗೆ ಹೋಗಿಬರುವ ತಾಳ್ಮೆ ಮಾವನಿಗಿರಲಿಲ್ಲ. ನೆರೆಮನೆಯಿಂದ ತೋಟಾಕೋವಿಯ ನಾಲ್ಕು ತೋಟಾ ತಂದು, ಅವುಗಳ ಹೊಟ್ಟೆ ಸೀಳಿ, ಒಳಗಿದ್ದ ಮದ್ದನ್ನು ಅಜ್ಜನ ಅಳತೆಯ ಚಿಪ್ಪಿನಲ್ಲಿಯೇ ಅಳೆದು ಕೇಪಿನ ಕೋವಿಗೆ ಸುರಿದ. ಅಜ್ಜ ಆಗ ತೋಟದಲ್ಲಿದ್ದ. ಈಡಿನ ಸದ್ದು ಎಂದಿನಂತೆ ‘ಢಂ’ ಎನ್ನಲಿಲ್ಲ; ಕಬ್ಬಿಣ ಹರಿದ ಸದ್ದು. ನಳಿಗೆ ಬುಡದಲ್ಲಿ ಬಾಳೆಯ ಸಿಪ್ಪೆಯಂತೆ ಸುಲಿದುಕೊಂಡಿತ್ತು. ಮಾವನ ಎಡಗೈಯ ಮೂರು ಬೆರಳು ಹೋದುವು. ಅಜ್ಜ ಬಂದು ನೋಡಿ ಬೈಯಲಿಲ್ಲ. “ಮದ್ದು ಅಂದರೆ ಎಲ್ಲ ಒಂದೇ ಅಂದುಕೊಂಡೆಯಲ್ಲೋ,” ಎಂದಷ್ಟೇ ಹೇಳಿ ಕುಳಿತುಬಿಟ್ಟ.

ಇಡೀ ವಿಷಯ ಅಜ್ಜನ ಆ ಒಂದು ಮಾತಿನಲ್ಲಿದೆ. ಹಳೆಯ ಕರಿಮದ್ದು ಪೆಟ್ಲುಪ್ಪು, ಇದ್ದಲು, ಗಂಧಕಗಳ ಮಿಶ್ರಣ. ನೂರರಲ್ಲಿ ಸುಮಾರು 75, 15, 10ರ ಪಾಲು. ಅದು ಹೊಗೆ ಹೆಚ್ಚು, ಬಲ ಮಿತ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬಂದ ಹೊಗೆಯಿಲ್ಲದ ಮದ್ದಿನ ಕುಲವೇ ಬೇರೆ. ಅದೇ ಅಳತೆಯಲ್ಲಿ ತುಂಬಿದರೆ ಅದು ಹುಟ್ಟಿಸುವ ಒತ್ತಡವನ್ನು ಕರಿಮದ್ದಿಗೆಂದು ಮಾಡಿದ ನಳಿಗೆ ತಾಳಲಾರದು. ಅದಕ್ಕೂ ಸೀಸಕಡ್ಡಿಯ ಪುಡಿಯನ್ನು ಲೇಪಿಸುವುದರಿಂದ ಅದೂ ಕಣ್ಣಿಗೆ ಕಪ್ಪಾಗಿಯೇ ತೋರಬಹುದು. ಹುಡುಗನ ನಳಿಗೆಯ ಮೇಲೆ ‘ಕರಿಮದ್ದು ಅಥವಾ ಅದರ ಬದಲಿ ಮಾತ್ರ’ ಎಂದು ಕೊರೆದಿತ್ತು. ಡಬ್ಬಿಯ ಮೇಲೆ ಏನೂ ಇರಲಿಲ್ಲ. ತಾತ ಬೇರೆ ಕೋವಿಗಳ ತೋಟಾಗಳನ್ನು ಮನೆಯಲ್ಲಿಯೇ ತುಂಬುತ್ತಿದ್ದನೆಂದು ಅಜ್ಜಿ ನೆನಪಿಸಿಕೊಂಡಳು. ನಾನು ಮಾವನ ಕಥೆಯನ್ನು ಹೇಳಿದೆ. ಹುಡುಗ ಬಹಳ ಹೊತ್ತು ಸುಮ್ಮನಿದ್ದು, ಡಬ್ಬಿಯನ್ನು ಹೊರಗೆ ಒಯ್ದು ನೀರು ತುಂಬಿದ ಬಕೀಟಿಗೆ ತಾನೇ ಸುರಿದ. ತಾತನ ವಸ್ತುವನ್ನು ಹಾಗೆ ಕಳೆಯುವುದು ಅವನಿಗೆ ಸುಲಭವಾಗಿರಲಿಲ್ಲ.

ಇನ್ನು ಆಯ್ಕೆಯ ಮಾತು. ಮೊದಲು ತಯಾರಕರ ಕೈಪಿಡಿಯನ್ನು ತರಿಸಿ ಓದಿದೆವು. ಕರಿಮದ್ದಿಗೆ ಬದಲಾಗಿ 1970ರ ದಶಕದಲ್ಲಿ ಬಂದ ಪೈರೋಡೆಕ್ಸ್ ಎಂಬುದಿದೆ; ಆಮೇಲೆ ಬಂದ, ಗಂಧಕವಿಲ್ಲದ ಟ್ರಿಪಲ್ ಸೆವೆನ್ ಇದೆ; ಬ್ಲ್ಯಾಕ್‌ಹಾರ್ನ್ 209 ಇದೆ. ಹೊಸದೆಲ್ಲ ಹಳತಕ್ಕೆ ಒಗ್ಗುವುದಿಲ್ಲ. ಬದಲಿ ಮದ್ದುಗಳು ಕರಿಮದ್ದಿಗಿಂತ ಹೆಚ್ಚು ಶಾಖವಾದ ಹೊರತು ಹೊತ್ತಿಕೊಳ್ಳುವುದಿಲ್ಲ. ನಮ್ಮ ಕೇಪಿನ ಕಿಡಿಯಾದರೋ ಸಣ್ಣದು. ಬ್ಲ್ಯಾಕ್‌ಹಾರ್ನ್‌ಗೆ ಹೆಸರಿನಲ್ಲಿಯೇ ಇರುವಂತೆ 209ನೆಯ ನಂಬರಿನ, ತೋಟಾಗಳಲ್ಲಿ ಬಳಸುವ ದೊಡ್ಡ ಪ್ರೈಮರೇ ಬೇಕು. 11ನೆಯ ನಂಬರಿನ ಕೇಪಿಗೆ ಅದು ಸಲ್ಲದು. ಹುಡುಗ ತಂದ ಬಿಲ್ಲೆಗಳೂ ಬಲವಾದ ಕಿಡಿಯನ್ನೇ ಬಯಸುವಂಥವು. ಸಣ್ಣ ಕೇಪಿನ ಹಳೆಯ ಇನ್‌ಲೈನಿಗೆ ಬಿಡಿ ಹರಳೇ ಲೇಸು: ಹರಳಿನ ಸಂದುಗಳಲ್ಲಿ ಕಿಡಿ ನುಸುಳುತ್ತದೆ. ಪೈರೋಡೆಕ್ಸಿನ ರೈಫಲ್ ಹರಳನ್ನು ಆರಿಸಿದೆವು.

ಇಲ್ಲಿ ಒಂದು ಎಚ್ಚರಿಕೆ ಬೇಕು. ಈ ಮದ್ದಿನ ಲೆಕ್ಕ ‘ಗ್ರೇನ್’ ಎಂಬ ತೂಕದ ಹೆಸರಿನಲ್ಲಿ ನಡೆದರೂ ಅಳೆಯುವುದು ಗಾತ್ರವನ್ನು. ಒಂದು ಪೌಂಡಿಗೆ 7000 ಗ್ರೇನ್. ನಮ್ಮ ಒಂದು ಗುಲಗಂಜಿ ಸುಮಾರು ಎರಡು ಗ್ರೇನ್ ತೂಗುತ್ತದೆ. ಪೈರೋಡೆಕ್ಸ್ ಕರಿಮದ್ದಿಗಿಂತ ಹಗುರ. ಆದುದರಿಂದ ನೂರು ಗ್ರೇನ್ ಕರಿಮದ್ದು ಹಿಡಿಯುವ ಅಳತೆಯ ಬಟ್ಟಲಿಗೆ ಅಷ್ಟೇ ತುಂಬಬೇಕು. ತಕ್ಕಡಿಯಲ್ಲಿ ತೂಗಿ ನೂರು ಹಾಕಿದರೆ ಅಳತೆ ಮೀರುತ್ತದೆ. ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯುವುದಂತೂ ಎಂದಿಗೂ ಕೂಡದು. ಹಿಂದಿನ ಈಡಿನ ಕೆಂಡ ಒಳಗಿದ್ದರೆ ಡಬ್ಬಿಯೇ ಕೈಯಲ್ಲಿ ಸಿಡಿಯುತ್ತದೆ.

ಬೆಂಕಿಯ ವಿಚಾರದಲ್ಲಿ ಹುಡುಗನಿಗೆ 209ರ ಆಸೆ ಇತ್ತು. ಕಿಡಿಗಾಗಿ ಮನುಷ್ಯ ಪಟ್ಟ ಪಾಡು ದೊಡ್ಡದು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿ ಹಕ್ಕಿಬೇಟೆಯ ಹವ್ಯಾಸಿ. ಚಕಮಕಿಯ ಮಿಂಚನ್ನು ಕಂಡು ಈಡು ಹಾರುವ ಮುನ್ನವೇ ಹಕ್ಕಿ ಹಾರಿಹೋಗುವುದನ್ನು ತಾಳಲಾರದೆ, ಹೊಡೆತಕ್ಕೆ ಸಿಡಿಯುವ ಪುಡಿಯಿಂದ ಕೋವಿಯನ್ನು ಹೊತ್ತಿಸುವ ಉಪಾಯಕ್ಕೆ 1807ರಲ್ಲಿ ಪೇಟೆಂಟು ಪಡೆದ. ನಮ್ಮ ಕೇಪು ಅದರ ಸಂತಾನ. ಆ ಕೋವಿಗೆಂದೇ ತಯಾರಕರು ಮಾಡಿದ ಭಾಗವಿದ್ದರೆ 209ಕ್ಕೆ ಬದಲಾಯಿಸಬಹುದು, ಇಲ್ಲದಿದ್ದರೆ ಬೇಡವೆಂದೆ. ತಾತನ ಕೇಪನ್ನೇ ಉಳಿಸಿಕೊಂಡು, ಸವೆದ ಮೊಲೆಯನ್ನು ಮಾತ್ರ ಹೊಸದು ಹಾಕಿಸಿದೆವು.

ಗುಂಡನ್ನು ಆರಿಸಲು ನಳಿಗೆಯನ್ನೇ ಕೇಳಬೇಕು. ಗಜದ ತುದಿಗೆ ಬಿಗಿಯಾಗಿ ಬಟ್ಟೆ ಸುತ್ತಿ ಒಳಗೆ ತಳ್ಳಿದರೆ, ಒಳಗಿನ ಸುರುಳಿಗೆರೆಗಳನ್ನು ಹಿಡಿದು ಗಜ ತಾನೇ ತಿರುಗುತ್ತದೆ. ಏಳು ಅಂಗುಲಕ್ಕೆ ಕಾಲು ಸುತ್ತು ತಿರುಗಿತು. ಎಂದರೆ ಇಪ್ಪತ್ತೆಂಟು ಅಂಗುಲಕ್ಕೆ ಒಂದು ಸುತ್ತು. ಬಟ್ಟೆ ಸುತ್ತಿದ ಉರುಟು ಗುಂಡಿಗೆ ಇದಕ್ಕಿಂತ ಎಷ್ಟೋ ನಿಧಾನದ ಸುರುಳಿ ಬೇಕು. ಈ ಬಿಗಿ ಸುರುಳಿ ಉದ್ದನೆಯ ಗುಂಡಿಗೆಂದು ಕೊರೆದದ್ದು. ಪ್ಲಾಸ್ಟಿಕ್ ಕವಚದೊಳಗೆ ಪಿಸ್ತೂಲಿನ ಗುಂಡನ್ನು ಕೂರಿಸಿದ ‘ಸೆಬೊ’ ಇದಕ್ಕೆ ಆಗುತ್ತದೆ. ತಾತನ ಪೆಟ್ಟಿಗೆಯಲ್ಲಿದ್ದ, 385 ಗ್ರೇನ್ ತೂಗುವ, ಕೊಬ್ಬು ಸವರಿದ ಮೊನೆಗುಂಡೂ ಆಗುತ್ತದೆ. ಕೊಬ್ಬನ್ನು ಕಂಡು ನನಗೆ ನಗು ಬಂತು. 1857ರಲ್ಲಿ ನಮ್ಮ ಸಿಪಾಯಿಗಳನ್ನು ಕೆರಳಿಸಿದ ಎನ್‌ಫೀಲ್ಡ್ ರೈಫಲ್ಲೂ ಬಾಯಿಂದ ತುಂಬುವುದೇ. 68 ಗ್ರೇನ್ ಮದ್ದು, 530 ಗ್ರೇನ್ ಗುಂಡು, ಮೇಲೆ ಕಾಗದಕ್ಕೆ ಸವರಿದ ಕೊಬ್ಬು. ಗುಂಡು ಸಲೀಸಾಗಿ ಇಳಿಯಲೆಂದು ಹಚ್ಚಿದ ಜಿಡ್ಡು ಒಂದು ರಾಜ್ಯವನ್ನೇ ನಡುಗಿಸಿತು.

ಗುಂಡು ತಿಳಿಯಿತು, ಕೇಪು ತಿಳಿಯಿತು. ಮದ್ದಿನ ಅಳತೆ? ಕೈಪಿಡಿ ಮೇಲಿನ ಮಿತಿಯನ್ನು ಹೇಳಿತ್ತು. ತಾತ ಎಷ್ಟು ಹಾಕುತ್ತಿದ್ದನೆಂದು ಅದು ಹೇಳಲಾರದು. ಗಜವನ್ನು ಒರೆಸುತ್ತಿದ್ದಾಗ ಅದರ ಮೇಲೆ ಚೂರಿಯಿಂದ ಗೀರಿದ ಎರಡು ಉಂಗುರಗಳು ಕಂಡುವು. ನನಗೆ ರೋಮಾಂಚವಾಯಿತು. ನಮ್ಮ ಅಜ್ಜನೂ, ಗಜ ನಳಿಗೆಯಿಂದ ಎಷ್ಟು ಬೆರಳು ಹೊರಗೆ ನಿಂತಿದೆಯೆಂದು ನೋಡಿಯೇ ಕೋವಿ ಖಾಲಿಯೋ ಭರ್ತಿಯೋ ಎಂದು ಹೇಳುತ್ತಿದ್ದ. ಬರಿಯ ನಳಿಗೆಗೆ ಗಜ ಇಳಿಸಿದೆವು; ಮೇಲಿನ ಉಂಗುರ ಬಾಯಿಯ ಅಂಚಿಗೆ ಸರಿಯಾಗಿ ನಿಂತಿತು. ಹಾಗಾದರೆ ಕೆಳಗಿನ ಉಂಗುರ ತುಂಬಿದ ಕೋವಿಯ ಗುರುತು.

ಮರುದಿನ ಬೆಳಗ್ಗೆ ಹೊಲದ ಮಣ್ಣುದಿಣ್ಣೆಗೆ ಕಾಗದದ ಗುರಿಯನ್ನು ಕಟ್ಟಿದೆವು. ಮೊಲೆಯ ಎಣ್ಣೆ ಒಣಗಲೆಂದು ಬರಿಯ ಕೇಪು ಎರಡನ್ನು ಸಿಡಿಸಿದ ಮೇಲೆ, ಹುಡುಗ 70 ಗ್ರೇನ್ ಅಳತೆ ಸುರಿದು, ಗುಂಡನ್ನು ಮದ್ದಿನ ಮೇಲೆ ಒತ್ತಿ ಕೂರಿಸಿದ. ಗುಂಡಿಗೂ ಮದ್ದಿಗೂ ನಡುವೆ ಪೊಳ್ಳು ಉಳಿದರೆ ನಳಿಗೆಗೆ ಅಪಾಯ. ಕೆಳಗಿನ ಉಂಗುರ ಒಂದು ತೊಗರಿಕಾಳಿನಷ್ಟು ಒಳಗೆ ಮುಳುಗಿತು. ಆ ಈಡು ಹಾರಿತು. ದಿಣ್ಣೆ ಹೊಗೆಯಲ್ಲಿ ಮರೆಯಾಯಿತು. ನಳಿಗೆಯನ್ನು ಒರೆಸಿ, ಎರಡನೆಯ ಸಲ 80 ಗ್ರೇನ್ ಹಾಕಿದ. ಉಂಗುರ ಬಾಯಿಯ ಅಂಚಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದು ನಿಂತಿತು.

ಹುಡುಗ ಆ ಗೀರಿನ ಮೇಲೆ ಹೆಬ್ಬೆರಳಿಟ್ಟುಕೊಂಡು ನಿಂತ. ಅಂಗಡಿಯಲ್ಲಿ ಅವನಿಗೆ ನೂರರ ಮೇಲೆ ಐವತ್ತು ಹಾಕೆಂದವರಿದ್ದರು. ನಲವತ್ತು ವರ್ಷ ಬೇಟೆಯಾಡಿದ ಮನುಷ್ಯನಿಗೆ ಎಂಬತ್ತು ಸಾಕಾಗಿತ್ತು. ಅವನು ಗುರಿಯಿಟ್ಟು ಮೂರು ಗುಂಡು ಹಾರಿಸಿದ. ಐವತ್ತು ಗಜದ ದೂರದಲ್ಲಿ ಮೂರೂ ಒಂದು ಅಂಗೈಯೊಳಗೆ ಬಿದ್ದುವು. ಗಂಧಕದ ವಾಸನೆ ಗಾಳಿಯಲ್ಲಿ ತೇಲಿ ಮನೆಯ ಕಡೆ ಹೋಯಿತು. ಅಜ್ಜಿ ಹಿತ್ತಿಲ ಬಾಗಿಲಲ್ಲಿ ಬಂದು ನಿಂತಳು. ಏನೂ ಹೇಳದೆ ಒಳಗೆ ಹೋಗಿ, ಸ್ವಲ್ಪ ಹೊತ್ತಿನಲ್ಲಿ ದೊಡ್ಡ ಪಾತ್ರೆಯಲ್ಲಿ ಸಾಬೂನು ಹಾಕಿದ ಬಿಸಿನೀರನ್ನು ತಂದಿಟ್ಟಳು. ಈ ಮದ್ದಿನ ಕಿಟ್ಟ ತೇವವನ್ನು ಹೀರಿ ನಳಿಗೆಯನ್ನು ತಿನ್ನುತ್ತದೆ, ಅಂದಂದೇ ತೊಳೆಯಬೇಕು. ಅದನ್ನು ಆಕೆಗೆ ಯಾರೂ ಹೇಳಬೇಕಾಗಿರಲಿಲ್ಲ.

ತೊಳೆದು ಎಣ್ಣೆ ಸವರಿದ ಮೇಲೆ ಹುಡುಗ ಒಂದು ಕಾಗದದ ಮೇಲೆ ಮದ್ದಿನ ಹೆಸರು, ಅಳತೆ, ಗುಂಡಿನ ತೂಕ, ಕೇಪಿನ ನಂಬರು, ತಾರೀಖು ಬರೆದು ಕೋವಿಯ ಪೆಟ್ಟಿಗೆಯ ಒಳಮುಚ್ಚಳಕ್ಕೆ ಅಂಟಿಸಿದ. ಹೊಸ ಮದ್ದಿನ ಡಬ್ಬಿಗೆ ಅಂಗಡಿಯವರ ಚೀಟಿ ಇದ್ದೇ ಇತ್ತು. ಅದರ ಮೇಲೆಯೂ, ಕಳಚಿಹೋಗದ ಮಸಿಯಲ್ಲಿ, ಡಬ್ಬಿಯ ತಗಡಿನ ಮೈಗೇ ಇನ್ನೊಮ್ಮೆ ಹೆಸರು ಬರೆದ.